ಎರಡು ಅರ್ಧ ಬಾಟಲಿ ಥಿನ್ನರ್

ಬಸ್ ಡಿಪೋದಲ್ಲಿ ಆತನನ್ನು ಎಲ್ಲರೂ ಕರೆಯುತ್ತಿದ್ದದ್ದು ಸೆಕೆಂಡ್ ಗೇರ್ ಎಂದೇ. ಮೂವತ್ತು ವರ್ಷ ಬಸ್ಸು ಓಡಿಸಿದರೂ ಆಸಾಮಿ ಯಾವುದಕ್ಕೂ ಅವಸರಪಟ್ಟವನಲ್ಲ. ನಿವೃತ್ತಿಯಾದ ಮೇಲೆ ಪ್ಲಾಸ್ಟಿಕ್ಕಿನ ಪುಟ್ಟ ಬಸ್ಸು ಜೋಡಿಸಿ, ಪೆನ್ನಿನಂಥ ಏರ್‌ಬ್ರಶ್‌ನಲ್ಲಿ ಬಣ್ಣ ಹೊಡೆಯುವ ಹುಚ್ಚು ಹತ್ತಿತು. ಹೆಂಡತಿ ಆತನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವಳು. ಇವತ್ತು ಆಕೆಯ ಕೊನೆಯ ಡ್ಯೂಟಿ. ನಾಲ್ಕು ಗಂಟೆಗೆ ಡಿಪೋದಲ್ಲಿ ಇಳಿಯುವಾಗ ತಮ್ಮಿಬ್ಬರ ಆ ಹಳೇ ಬಸ್ಸನ್ನೇ ಪುಟ್ಟದಾಗಿ ಆಕೆಯ ಕೈಗಿಡಬೇಕೆಂದು ಮೂರು ತಿಂಗಳಿಂದ ಕದ್ದುಮುಚ್ಚಿ ಜೋಡಿಸಿದ್ದ. ಉಳಿದದ್ದು ಮೇಲಿನ ಕೆನೆಬಣ್ಣವೊಂದೇ.

ಊಟ ಮುಗಿಸಿ ಏರ್‌ಬ್ರಶ್‌ನ ಬಟ್ಟಲಿಗೆ ಬಣ್ಣ ಸುರಿದು, ತೆಳುವಾಗಲೆಂದು ಥಿನ್ನರ್ ಬೆರೆಸಿದ. ಬಣ್ಣ ಹಾಲು ಒಡೆದ ಹಾಗೆ ಗಡ್ಡೆಗಡ್ಡೆಯಾಯಿತು. ಗುಂಡಿ ಒತ್ತಿದರೆ ಬರೀ ಗಾಳಿ. ತಿರುಗಿ ನೋಡಿದರೆ ಎರಡಿದ್ದ ಥಿನ್ನರ್ ಬಾಟಲಿಗಳಲ್ಲಿ ಒಂದು ಕಂಠಪೂರ್ತಿ ತುಂಬಿದೆ, ಇನ್ನೊಂದನ್ನು ತೊಳೆದು ಬೋರಲು ಹಾಕಲಾಗಿದೆ.

ಯಾರ ಕೆಲಸವೆಂದು ಕೇಳಬೇಕಾಗಿಯೇ ಇರಲಿಲ್ಲ. ಅರ್ಧ ಖಾಲಿ ಬಸ್ಸು ಕಂಡರೆ ಹೆಂಡತಿಗೆ ಸಂಕಟ. ಮನೆಯಲ್ಲೂ ಅಷ್ಟೇ, ಎರಡು ಅರ್ಧ ಡಬ್ಬಿಗಳಿದ್ದರೆ ಒಂದಕ್ಕೆ ಸುರಿದರೇ ಸಮಾಧಾನ. ನೀರಿನಲ್ಲಿ ಕಲಸುವ ಬಣ್ಣದ ಥಿನ್ನರನ್ನೂ, ಅಂಟಿದ ಬಣ್ಣ ಕರಗಿಸಿ ತೊಳೆಯುವ ಲ್ಯಾಕರ್ ಥಿನ್ನರನ್ನೂ ಒಂದೇ ಸೀಟಿನಲ್ಲಿ ಕೂರಿಸಿ ಡ್ಯೂಟಿಗೆ ಹೋಗಿದ್ದಳು. ನೋಡಲು ಎರಡೂ ನೀರೇ. ಸೇರಿದರೆ ಹಾವು ಮುಂಗುಸಿ.

ಅಂಗಡಿಯವನಿಗೆ ಫೋನ್ ಮಾಡಿದರೆ ಹೊಸ ಥಿನ್ನರ್ ನಾಳೆಯೇ ಬರುವುದೆಂದ. ಈ ಬಣ್ಣಕ್ಕೆ ಗಾಯ ಒರೆಸುವ ಸ್ಪಿರಿಟ್ಟೂ ನಡೆಯುತ್ತದೆ, ಮೊದಲು ಚಮಚದ ಮೇಲೆ ಹೊಡೆದು ನೋಡಿ ಎಂದೂ ಹೇಳಿದ. ಸೆಕೆಂಡ್ ಗೇರ್ ಜೀವನದಲ್ಲಿ ಮೊದಲ ಸಲ ಟಾಪ್ ಗೇರಿಗೆ ಬಿದ್ದು, ಎರಡೆರಡು ಮೆಟ್ಟಿಲು ಹಾರಿ, ಮೇಲಿನ ಮನೆಯ ನರ್ಸಮ್ಮನಿಂದ ಸ್ಪಿರಿಟ್ ತಂದ. ಕಟ್ಟಿಕೊಂಡ ಏರ್‌ಬ್ರಶ್ಶನ್ನು ಹೆಂಡತಿಯ ಮಿಶ್ರಣದಲ್ಲೇ ತೊಳೆದ. ಗಡ್ಡೆಯೆಲ್ಲ ಕರಗಿ ಹೋಯಿತು. ಮನೆಯ ಪ್ಲಾಸ್ಟಿಕ್ ಚಮಚಗಳೆಲ್ಲ ಮೇಜಿಗೆ ಬಂದವು. ಮೊದಲನೆಯದರ ಮೇಲೆ ಬಣ್ಣ ಬೆವರಿನ ಹಾಗೆ ಹನಿಹನಿಯಾಯಿತು. ಎರಡನೆಯದರಿಂದ ಜಾರಿ ಅಂಗಿಗೆ ಬಿತ್ತು. ಐದನೆಯದು ನುಣ್ಣಗೆ ಬಂದಾಗ ಆತ ಚಮಚ ಹಿಡಿದುಕೊಂಡೇ ಎರಡು ಹೆಜ್ಜೆ ಕುಣಿದ. ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣ ಬಸ್ಸಿಗೆ ಹೊಡೆಯಲು ಸರಿಯಾಗಿ ಸಾಲಿತು.

ನಾಲ್ಕಕ್ಕೆ ಡಿಪೋದಲ್ಲಿ ಹೆಂಡತಿ ಇಳಿದಳು. ಆತ ಬಸ್ಸನ್ನು ಅಂಗೈಗಿಟ್ಟ. ಆಕೆ ಮೂಸಿದಳು.

"ಇದ್ಯಾಕ್ರೀ ಆಸ್ಪತ್ರೆ ವಾಸನೆ?"

"ಬಸ್ಸಿಗೆ ಮಧ್ಯಾಹ್ನ ಸ್ವಲ್ಪ ಹುಷಾರಿರ್ಲಿಲ್ಲ. ಈಗ ಪರವಾಗಿಲ್ಲ."

"ಬಾಟ್ಲಿ ಎರಡನ್ನೂ ಸೇರ್ಸಿಟ್ಟಿದ್ದೆ, ಅನುಕೂಲ ಆಯ್ತಾ?"

"ಬಹಳ ಅನುಕೂಲ ಆಯ್ತು ಕಣೇ" ಎಂದ. ಏರ್‌ಬ್ರಶ್ ತೊಳೆದಿದ್ದರಿಂದ ಅದು ಪೂರಾ ಸುಳ್ಳೂ ಆಗಿರಲಿಲ್ಲ.

ಆಕೆ ಪುಟ್ಟ ಬಸ್ಸಿನ ಕಿಟಕಿಯಲ್ಲಿ ಇಣುಕಿದಳು. ಹಿಂಬಾಗಿಲ ಪಕ್ಕದ ತನ್ನ ಸೀಟಿನ ಮೇಲೆ, ತಾನೇ ಹೊಲಿದು ಹಾಕಿಕೊಂಡಿದ್ದ ಹಸಿರು ದಿಂಬೂ ಇತ್ತು, ಕಾಳಿನಷ್ಟು. ಕಣ್ಣು ತುಂಬಿ ಬಂತು. ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಎರಡು ಸಲ ಊದಿದಳು. ಬಸ್ಸು ಹೊರಡಲಿ ಎನ್ನಲು ಆಕೆ ವರ್ಷಗಟ್ಟಲೆ ಊದಿದ್ದು ಹಾಗೆಯೇ.

ಡಿಪೋದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದ ಮೂರು ಬಸ್ಸುಗಳು ಒಟ್ಟಿಗೇ ಹೊರಟವು. ಅವುಗಳ ಕಂಡಕ್ಟರ್‌ಗಳು ಚಹಾದ ಲೋಟ ಹಿಡಿದುಕೊಂಡೇ ಹಿಂದೆ ಓಡಿದರು.