ನೀಲಿ ಬೆರಳಿನ ಮೇಡಂ

ಅವರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ನೀಲಿ. ಬರೆದ ಸಾಲಿನ ಮೇಲೆ ಶಾಯಿ ಆರುವ ಮೊದಲೇ ಬೆರಳಾಡಿಸಿ ಓದುವುದು ಮೇಡಂ ಅವರ ಅಭ್ಯಾಸ. ತರೀಕೆರೆಯ ಖಾಸಗಿ ರಕ್ತಪರೀಕ್ಷಾ ಲ್ಯಾಬಿನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವರು ನಾವಿಬ್ಬರೇ. ಅವರ ಕೈಕೆಳಗೆ ನಾನಿದ್ದದ್ದು ಏಳು ತಿಂಗಳು, ನಾಲ್ಕು ದಿನ.

ಯಂತ್ರದಿಂದ ಅಂಕಿ ಓದಲು ಒಂದು ಲೈಬ್ರರಿ, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ; ಕನ್ನಡದಲ್ಲಿ ವರದಿ ಮುದ್ರಿಸಲು ಇನ್ನೊಂದು. ಎರಡೂ ಮೂರನೆಯದೊಂದನ್ನು ನೆಚ್ಚಿದ್ದವು; ಓದುವುದಕ್ಕೆ ಅದರ ಹಳೆಯ ಆವೃತ್ತಿಯೇ ಬೇಕು, ಮುದ್ರಿಸುವುದಕ್ಕೆ ಹೊಸದೇ.

“ಕಡೂರಲ್ಲಿ ಇಬ್ರು ಒಂದೇ ರೈಲು ಹತ್ತವ್ರೆ ಕಣೇ,” ಎಂದು ಮೇಡಂ ನನಗೆ ಬಿಡಿಸಿ ಹೇಳಿದ್ದರು. “ಒಬ್ಬ ತರೀಕೆರೆಗೆ, ಒಬ್ಬ ಅಜ್ಜಂಪುರಕ್ಕೆ. ಬೀರೂರಲ್ಲಿ ಹಳಿ ಎರಡಾಗ್ತದೆ; ದಾಟಿದ್ಮೇಲೆ ಒಬ್ಬನಂತೂ ದಾರಿ ತಪ್ಪಿದ ಹಾಗೇ. ಇಬ್ರಿಗೂ ಬೇರೆ ಬೇರೆ ರೈಲೇ ಬೇಕು.”

ಎರಡನ್ನೂ ಪ್ರತ್ಯೇಕವಾಗಿ ಕೂರಿಸಲು ಅವರು ಕೇಳಿದ್ದು ನಾಲ್ಕೇ ದಿನ. ಮಾಲೀಕರಿಗೆ ಅಷ್ಟು ತಾಳ್ಮೆ ಎಲ್ಲಿ? ಮೇಡಂ ರಜೆಯಲ್ಲಿದ್ದ ಶನಿವಾರ ನನ್ನ ಪಕ್ಕ ಬಂದು ನಿಂತರು. “ಹೊಸದನ್ನೇ ಬಲವಂತವಾಗಿ ಹಾಕಮ್ಮ, ನಡೀತದೆ. ನಿಮ್ಮ ಮೇಡಂದು ಬರೀ ಶಾಸ್ತ್ರ.”

ಹಾಕಿದೆ. ವರದಿ ಅಚ್ಚುಕಟ್ಟಾಗಿ ಬಂತು.

ಸೋಮವಾರ ಮೇಡಂ ನಲವತ್ತೊಂದು ವರದಿಗಳನ್ನು ಯಂತ್ರದ ಅಂಕಿಗಳೊಂದಿಗೆ ತಾಳೆ ನೋಡಿದರು. ಒಂದರ ಮೇಲೆ ಬೆರಳು ನಿಂತಿತು. ಅಂಕಿ ಓದಲಾಗದ ಕಡೆ ಪ್ರೋಗ್ರಾಂ ಹಿಂದಿನ ರೋಗಿಯ ಅಂಕಿಯನ್ನೇ ಮುದ್ರಿಸಿತ್ತು: ಅಮೃತಾಪುರದ ಒಬ್ಬ ಅಜ್ಜಿಗೆ ಬೇರೆ ಯಾರದೋ ಸಕ್ಕರೆ. ವೈದ್ಯರಿಗೆ ಫೋನ್ ಮಾಡಿದರೆ, ಅದನ್ನು ನಂಬಿ ಆ ಸೋಮವಾರ ಮಧ್ಯಾಹ್ನದಿಂದಲೇ ಇನ್ಸುಲಿನ್ ಹೆಚ್ಚಿಸಲು ಹೇಳಿದ್ದರು. ಅಜ್ಜಿಯ ಮನೆಗೆ ಫೋನ್ ಹೋಗಲಿಲ್ಲ. ಮೇಡಂ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ನಾವು ತಲುಪಿದಾಗ ಅಜ್ಜಿ ಊಟಕ್ಕೆ ಮುಂಚಿನ ಸೂಜಿ ತೆಗೆದಿಟ್ಟುಕೊಂಡಿದ್ದರು.

“ಹಂಗಾರೆ ಆ ಸಕ್ಕರೆ ನಂದಲ್ವೇನವ್ವಾ? ಎರಡು ದಿನದಿಂದ ನನ್ ಸೊಸೆ ಕಾಫೀನೇ ಕೊಟ್ಟಿಲ್ಲ!”

ವೈದ್ಯರು ಕಾರಣ ಕೇಳಿದಾಗ ಮಾಲೀಕರು ನನ್ನೆದುರೇ ಫೋನಿನಲ್ಲಿ ಹೇಳಿದರು: “ನಮ್ಮ ಮೇಡಂ ಅವಸರ ಮಾಡ್ಬಿಟ್ರು ಸಾರ್. ತೆಗೆದ್ಹಾಕಿದೀನಿ. ಹೆಂಗೂ ಯಾರಿಗೂ ಏನೂ ಆಗಿಲ್ವಲ್ಲ?”

ಆಗಲಿಲ್ಲ, ನಿಜ. ಆಗದಂತೆ ತಡೆದವರನ್ನೇ ಹೊರಹಾಕಿದರು! ನಾಲ್ಕು ದಿನ ಬೇಡಿದವರಿಗೆ ಅವಸರದ ಆರೋಪ! ಅದಕ್ಕಿಂತ ಹೇಸಿಗೆ, ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದ ನಾನು ಬಾಯಿ ಬಿಡಲಿಲ್ಲ.

ಮೇಡಂ ತಮ್ಮ ನೋಟುಪುಸ್ತಕವನ್ನು ನನ್ನ ಕೈಗಿಟ್ಟರು. “ನಾಳೆಯಿಂದ ತಾಳೆ ನೀನೇ ನೋಡ್ಬೇಕು ಕಣೇ. ಬಿಡ್ಬೇಡ.” ಬೈಯಲೂ ಇಲ್ಲ.

ಯಾವ ದಿನ, ಯಾವ ಆವೃತ್ತಿ, ಹಾಕಿದವರು ಯಾರು ಎಂದು ಅದರಲ್ಲಿ ಸಾಲು ಸಾಲು. ಆ ಶನಿವಾರದ ಸಾಲು ಮಾತ್ರ ಖಾಲಿ. ಹನ್ನೊಂದು ದಿನ ಅದನ್ನು ನೋಡುತ್ತಾ ಕೂತೆ. ಹನ್ನೆರಡನೆಯ ದಿನ ತುಂಬಿದೆ: “ಹಾಕಿಸಿದ್ದು ಮಾಲೀಕರು. ಹಾಕಿದ್ದು ನಾನು.” ಶಾಯಿ ಆರುವ ಮೊದಲೇ ಬೆರಳಾಡಿಸಿ ಇನ್ನೊಮ್ಮೆ ಓದಿ, ಪುಸ್ತಕ ಹಿಡಿದು ವೈದ್ಯರ ಮನೆಗೆ ನಡೆದೆ.