ಹುಚ್ಚೆಳ್ಳಿನ ನಡುವಿನ ಬಂಡಿದಾರಿ

ಆರು ವರ್ಷದ ಹಿಂದೆ, ನವರಾತ್ರಿಗೆ ಒಂದು ವಾರ ಮುಂಚೆ, ಬೆಳಿಗ್ಗೆ ಏಳೂವರೆಗೆ ಆವತಿ ಬೆಟ್ಟದ ಪಡುವಣ ಬಂಡೆಯ ಮೇಲೆ ನಿಂತು ನಾನು ಈ ಫೋಟೋ ತೆಗೆದೆ. ಕೆಳಗೆ ಹಸಿರು ರಾಗಿ ಹೊಲಗಳು, ಅಂಚಿಗೆ ಹಳದಿ ಹೂವಿನ ಹುಚ್ಚೆಳ್ಳು. ದನ ಬಾಯಿ ಹಾಕುವುದಿಲ್ಲವೆಂದು ಇಲ್ಲಿ ಅದನ್ನು ಬೇಲಿಯಂತೆ ಬಿತ್ತುತ್ತಾರೆ. ಎರಡು ಹಳದಿ ಅಂಚುಗಳ ನಡುವೆ ಎತ್ತಿನಗಾಡಿ ಸಾಗುತ್ತಿದ್ದ ಕಂದು ಬಂಡಿದಾರಿಯೊಂದು ಚಿತ್ರದಲ್ಲಿ ಬಂದಿತ್ತು. ಅಂದ ಕೆಡಿಸಿತೆಂದು ಮನೆಯ ಗೋಡೆಗೆ ಹಾಕಿದ ಪ್ರತಿಯಲ್ಲಿ ಅದನ್ನು ಕತ್ತರಿಸಿಬಿಟ್ಟಿದ್ದೆ.

ಪುಣ್ಯಕ್ಕೆ, ಹೊಲದ ಒಡತಿ ಮುನಿಯಮ್ಮನವರಿಗೆ ಕೊಟ್ಟದ್ದು ಇಡೀ ಚಿತ್ರ. ಇಂದು ಅವರು ಅದನ್ನು ಹಿಡಿದು ಬದುವಿನ ಮೇಲೆ ನಿಂತಿದ್ದರು. ಪಕ್ಕದ ಹೊಲದ ಕೆಂಪಣ್ಣ ಆ ದಾರಿಯನ್ನು ಉತ್ತು ತಮ್ಮ ಹೊಲಕ್ಕೆ ಸೇರಿಸಿಕೊಂಡಿದ್ದಾರೆ. ದಾರಿಯಿಲ್ಲದೆ ಮುನಿಯಮ್ಮನವರ ರಾಗಿ ಕಣಕ್ಕೆ ಬರುವಂತಿಲ್ಲ.

ನಾನು ನಿಂತಿದ್ದ ಬಂಡೆಯನ್ನು ತೋರಿಸಿದೆ. ಫೋಟೋ ಅಲ್ಲಿಂದಲೇ ತೆಗೆದದ್ದು ಎಂದೆ.

"ಈಗಿನ ಫೋಟೋದಲ್ಲಿ ದಾರಿಯೇನು, ಸಮುದ್ರಾನೂ ಬರಿಸ್ತಾರೆ ಬಿಡಿ ಸಾರ್," ಎಂದು ಎದುರಿಗಿದ್ದ ಕೆಂಪಣ್ಣ ನಕ್ಕರು.

"ಸಮುದ್ರ ಆಮೇಲೆ ನೋಡಾನ. ಗಾಡಿಗೆ ಕಟ್ಟಿರೋ ಆ ಮಚ್ಚೆ ಎತ್ತು ಯಾರ್ದು, ಹೇಳಪ್ಪಾ," ಎಂದರು ಮುನಿಯಮ್ಮ.

ಕೆಂಪಣ್ಣ ಚಿತ್ರವನ್ನು ಕಣ್ಣಿನ ಹತ್ತಿರ ತಂದುಕೊಂಡರು. ಬಹಳ ಹೊತ್ತು ನೋಡಿ ಎದೆ ಸೆಟೆಸಿದರು. "ನಮ್ಮ ಬಸವ ಕಣಮ್ಮೋ! ಇಂಥಾ ಎತ್ತು ಈ ಹೋಬಳೀಲೇ ಇರ್ಲಿಲ್ಲ."

"ದಾರಿ ಇಲ್ದೆ ಹಾರ್ಕಂಡು ಬಂತಾ?"

ಕೆಂಪಣ್ಣ ಚಿತ್ರದ ಎತ್ತಿನ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ, "ದಾರಿ ಬಿಡ್ತೀನಿ. ನಂಗೂ ಒಂದು ಫೋಟೋ ಕೊಡಿ ಸಾರ್," ಎಂದರು.

ನನ್ನ ಯಾವ ಚಿತ್ರದ ಬಗೆಗೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಬಸವ ಈಗಿಲ್ಲ. ಅಂದು ಬೆಳಿಗ್ಗೆ ಆ ದಾರಿ ಕಂಡವರಲ್ಲಿ ಇನ್ನೂ ಇರುವವರು ಬಂಡೆಯ ಮೇಲಿದ್ದ ನಾನು, ಕಳೆ ಕೀಳುತ್ತಿದ್ದ ಮುನಿಯಮ್ಮ, ಗಾಡಿ ಹೊಡೆಯುತ್ತಿದ್ದ ಕೆಂಪಣ್ಣ.