ನಕಾಶೆ ಮುಚ್ಚಿದ ಗೇಟು

ಪುಣೆಯ ಹತ್ತಿರ ನಿಗಡಿಯಲ್ಲಿ ಅರ್ಧ ಗುಂಟೆ ಜಾಗ ಕೊಂಡು ನಾವು ಎರಡು ಖೋಲಿಯ ಮನೆ ಕಟ್ಟಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮ ಮನೆಯವರು ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಮನೆಯ ಮುಂದಿನ ಓಣಿ ನೇರ ಒಂದು ಬಯಲಿಗೆ ಹೋಗುತ್ತಿತ್ತು. ಬಯಲು ದಾಟಿದರೆ ದೊಡ್ಡ ರಸ್ತೆ, ಅದರ ಆಚೆ ಕಾಯಿಪಲ್ಯದ ಮಂಡಿ. ಹಿಂದುಗಡೆ ನಾಲೆಯ ದಂಡೆಗುಂಟ ದೊಡ್ಡ ರಸ್ತೆಗೆ ಇನ್ನೊಂದು ದಾರಿ ಇತ್ತು. ಅದು ಸುತ್ತು, ಮೇಲಾಗಿ ಕೆಸರು. ಬೇರೆ ದಾರಿ ಇರುವಾಗ ಅದನ್ನು ಯಾರೂ ತುಳಿಯುತ್ತಿರಲಿಲ್ಲ.

ಕೆಲ ವರ್ಷಗಳಲ್ಲಿ ಬಯಲಿನ ಮೇಲೆ ಫ್ಲ್ಯಾಟುಗಳ ಸೊಸಾಯ್ಟಿ ಎದ್ದಿತು. ಸುತ್ತ ಗೋಡೆ, ದೊಡ್ಡ ರಸ್ತೆಗೆ ಒಂದು ಗೇಟು, ನಮ್ಮ ಓಣಿಗೆ ಒಂದು ಗೇಟು. ಹಳೆಯ ದಾರಿ ಹಾಗೇ ಇರುತ್ತದೆ, ಗೇಟು ಹೆಸರಿಗಷ್ಟೇ ಎಂದು ಬಿಲ್ಡರು ಓಣಿಯವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದ. ಬಾಯಿಮಾತನ್ನು ನಂಬಿದೆವು. ನಂಬದೆ ಮಾಡುವುದಾದರೂ ಏನಿತ್ತು? ಆದರೆ ಬಹಳ ದಿನ ಅವನ ಮಾತು ನಡೆದದ್ದೂ ನಿಜ. ಗೇಟು ಹಗಲೆಲ್ಲ ತೆರೆದಿರುತ್ತಿತ್ತು, ನಾವು ಸೊಸಾಯ್ಟಿಯ ನಡುವೆ ಹಾದು ಮಂಡಿಗೆ ಹೋಗಿ ಬರುತ್ತಿದ್ದೆವು.

ಮಾವನವರು ತೀರಿಕೊಂಡ ಮೇಲೆ ಅತ್ತೆ ವಿಜಾಪುರದ ಕಡೆಯ ಊರು ಬಿಟ್ಟು ನಮ್ಮಲ್ಲಿಗೆ ಬಂದರು. ಅವರಿಗೆ ಮರಾಠಿ ಹತ್ತಲಿಲ್ಲ. ಓಣಿಯ ಹೆಂಗಸರು ಮಾತಾಡಿಸಿದರೆ ನಕ್ಕು ಒಳಗೆ ಬಂದುಬಿಡುತ್ತಿದ್ದರು. ಮಂಡಿಯಲ್ಲಿ ಮಾತ್ರ ಕಲಬುರ್ಗಿ ಕಡೆಯ ಒಬ್ಬ ಹೆಂಗಸು ಮೆಂತ್ಯ, ಪುಂಡಿಪಲ್ಯ ಇಟ್ಟುಕೊಂಡು ಕೂರುತ್ತಿದ್ದಳು. ಅತ್ತೆ ದಿನಾ ಮುಂಜಾನೆ ಮೊಣಕಾಲು ಹಿಡಿದುಕೊಂಡು ಗೇಟು ದಾಟಿ ಅವಳ ಪಕ್ಕದ ಗೋಣಿಚೀಲದ ಮೇಲೆ ಹೋಗಿ ಕೂತುಬಿಡುತ್ತಿದ್ದರು. ಬಿಸಿಲೇರಿದ ಮೇಲೆ ಒಂದು ಸಿವುಡು ಪಲ್ಯ ಹಿಡಿದು ಬರುತ್ತಿದ್ದರು. ಅಷ್ಟು ಹೊತ್ತು ಏನು ಮಾತು ಎಂದು ಒಮ್ಮೆ ಕೇಳಿದೆ.

"ನನಗ ಬಾಯಿ ಅದ ಅನ್ನೋದು ಆಕಿ ಕಡೆ ಹೋದಾಗ ಅಷ್ಟ ನೆಪ್ಪಾಗ್ತದವಾ" ಎಂದರು.

ಮನೆಯಲ್ಲಿ ನಾನಿರಲಿಲ್ಲವೇ ಎಂದು ನನಗೆ ಚುಚ್ಚಿತು. ಆದರೆ ನಾನು ರೊಟ್ಟಿ, ಬಟ್ಟೆ, ನೀರು ಎಂದು ಓಡಾಡುವವಳು, ಕೂತು ಮಾತಾಡುವವಳಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ನಮ್ಮ ಓಣಿಯಲ್ಲಿ ಗುರುತಿಲ್ಲದ ಕಾರುಗಳು ಕಾಣತೊಡಗಿದವು. ಮೊದಲು ಒಂದೋ ಎರಡೋ, ಆಮೇಲೆ ಸಾಲು ಸಾಲು. ದೊಡ್ಡ ರಸ್ತೆಯಲ್ಲಿ ಗಾಡಿ ಸಿಕ್ಕಿಬಿದ್ದಾಗಲೆಲ್ಲ ಅವು ಸೊಸಾಯ್ಟಿಯ ಒಂದು ಗೇಟಿನಿಂದ ನುಗ್ಗಿ ಇನ್ನೊಂದರಿಂದ ಹೊರಬಿದ್ದು ನಮ್ಮ ಓಣಿಗೆ ಇಳಿದು ನಾಲೆಯ ದಾರಿ ಹಿಡಿಯುತ್ತಿದ್ದವು. ಕಾರಿನ ಗಾಜಿಗೆ ಅಂಟಿಸಿದ ಸಣ್ಣ ಯಂತ್ರ ಹೆಣ್ಣುಧ್ವನಿಯಲ್ಲಿ ದಾರಿ ಹೇಳುತ್ತಿತ್ತು. ಗೇಟು ತೆರೆದಿದ್ದಾಗ ಯಾರೋ ಬಂದು ಅಳೆದು ಹೋಗಿ, ಅದನ್ನೂ ನಾಲೆಯ ದಾರಿಯನ್ನೂ ಸಾರ್ವಜನಿಕ ರಸ್ತೆಯೆಂದೇ ನಕಾಶೆಯಲ್ಲಿ ಎಳೆದಿದ್ದರಂತೆ. ಯಂತ್ರಕ್ಕೆ ಗೇಟು ಎಂಬ ವಸ್ತುವೇ ಗೊತ್ತಿರಲಿಲ್ಲ. ಸೊಸಾಯ್ಟಿಯ ಮಕ್ಕಳು ಆಡುವ ಜಾಗದಲ್ಲಿ ಕಾರುಗಳು ಹಾರ್ನು ಹೊಡೆಯತೊಡಗಿದವು. ಒಂದು ದಿನ ನಮ್ಮ ಕಡೆಯ ಗೇಟಿಗೆ ಸರಪಳಿ ಬಿತ್ತು, ಬೀಗವೂ ಬಿತ್ತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ನಡೆದಾಡಿದ ದಾರಿಯನ್ನು ಯಂತ್ರ ಊರಿಗೆಲ್ಲ ತೋರಿಸಿತು, ಕಳೆದುಕೊಂಡವರು ನಾವು.

ನಮ್ಮವರು ಸೊಸಾಯ್ಟಿಯ ಚೇರಮನ್ನರನ್ನು ಕಂಡರು. ನಿವೃತ್ತ ಅಧಿಕಾರಿ, ತಗ್ಗಿದ ದನಿಯ ಮನುಷ್ಯ. ಕಾರಿಗೆ ಬೇಡ, ನಡೆಯುವವರಿಗೆ ಒಂದು ಸಣ್ಣ ಬಾಗಿಲಾದರೂ ಬಿಡಿ, ನಮ್ಮ ತಾಯಿಗೆ ನಾಲೆಯ ಸುತ್ತು ನಡೆಯಲಾಗದು ಎಂದು ಇವರು ಕೇಳಿಕೊಂಡರು. ನಿಮಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದು ಚೇರಮನ್ನರು ಚಹಾ ಕುಡಿಸಿ ಕಳಿಸಿದರು. ಅವರೇ ನಕಾಶೆಯ ಕಂಪನಿಗೆ ದೂರು ಬರೆದಿದ್ದರು ಎಂಬುದು ಆಮೇಲೆ ತಿಳಿಯಿತು.

ಕಂಪನಿಯಿಂದ ಒಬ್ಬ ಬೈಕಿನಲ್ಲಿ ಬಂದ. ಬೀಗ ಹಾಕಿದ ಗೇಟಿನ ಫೋಟೋ ತೆಗೆದ. ನಾನು ಹೊರಗೆ ಬಂದು, ಇದು ಮೊದಲಿನಿಂದ ಇದ್ದ ದಾರಿ, ಮೊನ್ನೆಯಷ್ಟೇ ಮುಚ್ಚಿದ್ದಾರೆ, ಅದನ್ನೂ ಬರೆದುಕೋ ಎಂದು ಮರಾಠಿಯಲ್ಲಿ ಹೇಳಿದೆ. ಅವನು ಸಿಡುಕಲಿಲ್ಲ. ತೆರೆದಿದೆಯೋ ಮುಚ್ಚಿದೆಯೋ ಎಂದಷ್ಟೇ ನಮಗೆ ಕೇಳುತ್ತಾರೆ ಕಾಕೂ, ತೆರೆದಿರಬೇಕಿತ್ತೋ ಎಂದು ಕೇಳುವುದಿಲ್ಲ ಎಂದ. ಹಿಂದಿನ ನಾಲೆಯ ದಾರಿಯನ್ನಾದರೂ ನಕಾಶೆಯಲ್ಲಿ ಉಳಿಸು ಎಂದೆ. ನೋಡಿ ಬಂದು, ಅದು ರಸ್ತೆಯಲ್ಲ ಎಂದು ಹೇಳಿ ಹೋದ.

ಮುಂದೆ ನಕಾಶೆಯಲ್ಲಿ ನಮ್ಮ ಓಣಿ ಎರಡೂ ಕಡೆ ಕಡಿದುಹೋಯಿತು. ನಮ್ಮವರು ದಾರಿ ಬಿಡಿಸಿಕೊಡಿ ಎಂದು ನಗರಪಾಲಿಕೆಯ ಕಚೇರಿಗೆ ಅರ್ಜಿ ಕೊಟ್ಟು ಅಲೆದರು. ಕೊನೆಗೆ ಕರೆದ ದಿನ ಚೇರಮನ್ನರು ಅದೇ ನಕಾಶೆಯನ್ನು ಬಣ್ಣದಲ್ಲಿ ಛಾಪಿಸಿ ತಂದಿದ್ದರು. ಸಾಹೇಬರು ಅದನ್ನು ತಿರುಗಿಸಿ ನೋಡಿ, ಇಲ್ಲಿ ರಸ್ತೆಯೇ ಇಲ್ಲವಲ್ಲ ಎಂದರಂತೆ. ನಮ್ಮವರು ಹೌದ್ರಿ ಎಂದು ಬಂದುಬಿಟ್ಟರು. ಹಾಗೆ ಯಾಕೆ ಅಂದಿರಿ ಎಂದು ಕೇಳಿದ್ದಕ್ಕೆ, ನಕಾಶೆಯಲ್ಲಿ ಇರಲಿಲ್ಲ ಅನ್ನುವುದು ಖರೆಯೇ ಅಲ್ಲವೇ ಎಂದು ನನಗೇ ತಿರುಗಿ ಕೇಳಿದರು.

ಅತ್ತೆ ಒಂದೇ ಸಲ ನಾಲೆಯ ದಾರಿಯಲ್ಲಿ ಹೊರಟರು. ಅರ್ಧ ದಾರಿಯಲ್ಲಿ ಜಾರಿ ಕೂತರು, ಯಾರೋ ಕೈಹಿಡಿದು ಕರೆತಂದರು. ಆಮೇಲೆ ಹೊಸ್ತಿಲ ಹತ್ತಿರ ಕೂರತೊಡಗಿದರು, ಆಮೇಲೆ ಒಳಗೆ. ನಾನು ರಿಕ್ಷಾ ಕರೆಯಿಸಲೇ ಎಂದೆ.

"ಪಲ್ಯಾ ತರಾಕ ರಿಕ್ಷಾ ಏನು? ಮಂದಿ ನಗ್ತಾರ" ಎಂದರು.

ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಡಾಕ್ಟರು ವಯಸ್ಸು ಎಂದರು. ಗೇಟು ಮುಚ್ಚಿದ ಎರಡನೆಯ ಮಳೆಗಾಲದಲ್ಲಿ ಅತ್ತೆ ನಿದ್ದೆಯಲ್ಲೇ ಹೋದರು. ಒಂದು ಗೇಟಿನಿಂದ ಮನುಷ್ಯರು ಸಾಯುವುದಿಲ್ಲ ಎಂದು ನನಗೂ ಗೊತ್ತು.

ಸಾವಿನ ಮನೆಯೆಂದು ಚೇರಮನ್ನರು ಮಾತಾಡಿಸಲು ಬಂದರು. ಸರಪಳಿಯ ಸದ್ದು ಕೇಳಿ ನಾನು ಕಿಟಕಿಯಿಂದ ನೋಡಿದೆ. ಬೀಗ ತೆಗೆದು, ಈಚೆ ಬಂದು, ತಿರುಗಿ ನಿಂತು ಮತ್ತೆ ಬೀಗ ಹಾಕಿದರು. ಕೀಲಿ ಜೇಬಿಗಿಳಿಸಿ ನಮ್ಮ ಮನೆಯೊಳಗೆ ಬಂದು ಕುರ್ಚಿಯ ಮೇಲೆ ಕೂತರು. ಬಹಳ ಒಳ್ಳೆಯ ಜೀವ, ದಿನಾ ಮುಂಜಾನೆ ನಮ್ಮ ಅಂಗಳದಲ್ಲಿ ಹಾದು ಹೋಗುತ್ತಿದ್ದರು, ಈಚೆಗೆ ಯಾಕೋ ಕಂಡಿರಲಿಲ್ಲ ಎಂದರು.

ಗೇಟು ಮುಚ್ಚಿದವರಿಗೆ ಹೇಗೆ ಕಾಣಬೇಕು ಎಂದು ನಾನು ಮರಾಠಿಯಲ್ಲೇ ಕೇಳಿದೆ. ನಮ್ಮವರು ನನ್ನತ್ತ ಕಣ್ಣು ಬಿಟ್ಟು, ಎದ್ದು, ಅವರನ್ನು ಗೇಟಿನವರೆಗೂ ಕಳಿಸಿ ಬಂದರು. ಚೇರಮನ್ನರು ಆಚೆಯಿಂದ ಬೀಗ ಹಾಕಿಕೊಳ್ಳುವವರೆಗೂ ಇವರು ಮಳೆಯಲ್ಲಿ ನಿಂತಿದ್ದರು.

"ದೊಡ್ಡ ಮಂದಿ ಅವ್ರು, ಮನಿತನಕ ಬಂದ್ರಲ್ಲ. ಅದ ಭಾಳಾತು" ಎಂದರು.

ನಾನು ಇವರ ಒದ್ದೆ ಅಂಗಿಗೆ ಬದಲು ಬೇರೆ ಅಂಗಿ ತೆಗೆದುಕೊಟ್ಟೆ. ಆ ಮಾತನ್ನು ಮಾತ್ರ ಇವತ್ತಿಗೂ ನುಂಗಲಾಗಿಲ್ಲ. ಚೇರಮನ್ನರ ಮೇಲಿನ ಸಿಟ್ಟು ಬರಬರುತ್ತ ತಗ್ಗಿತು. ಅವರು ಯಾರೋ ಪರರು.